ಹಗ್ಗದ ಇನ್ನೊಂದು ತುದಿ

ನಾಯಿ ಇರುವ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಯಾರಾದರೊಬ್ಬರು ಸೊಂಟ ಬಗ್ಗಿಸಿ ನೆಲದಲ್ಲಿ ಹರಡಿದ್ದನ್ನು ಹೆಕ್ಕುತ್ತಾರೆ. ಜೊಲ್ಲು ಒಣಗಿ ಬಿರುಸಾದ ಬಟ್ಟೆಯ ಬೊಂಬೆ, ಒಂದು ಮಗ್ಗುಲಲ್ಲಿ ಸಿಪ್ಪೆ ಎದ್ದ ಟೆನಿಸ್ ಚೆಂಡು, ಹಳೆಯ ಪಂಚೆ ಹರಿದು ಹೆಣೆದ ಹಗ್ಗ, ಅದುಮಿದರೆ ಕಿರುಚುವ ರಬ್ಬರ್ ಕೋಳಿ, ಜೋಡಿ ಕಳೆದುಕೊಂಡ ಮೇಲೆ ಆಟಿಕೆಯಾಗಿ ಬಡ್ತಿ ಪಡೆದ ಕಾಲುಚೀಲ. ಎಲ್ಲವೂ ಒಂದು ಬುಟ್ಟಿಗೋ ಪ್ಲಾಸ್ಟಿಕ್ ಟಬ್ಬಿಗೋ ಸೇರುತ್ತವೆ. ಕೋಣೆ ಅಚ್ಚುಕಟ್ಟಾಯಿತೆಂದು ಮನುಷ್ಯ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ನಾಯಿ ಬುಟ್ಟಿಯೊಳಗೆ ಮೂತಿ ತೂರಿಸಿ, ಮೇಲಿದ್ದವನ್ನೆಲ್ಲ ಆಚೆ ಎಸೆದು, ತಳದಲ್ಲಿದ್ದ ಒಂದನ್ನು ಎಳೆದುಕೊಂಡು ಹೊರಟಿರುತ್ತದೆ.

ಈ ಕೆಲಸಕ್ಕೆ ಯಾರೂ ಹೆಚ್ಚು ಯೋಚನೆ ಖರ್ಚು ಮಾಡುವುದಿಲ್ಲ. ಮಾಡಿದರೆ ಒಂದು ಪ್ರಶ್ನೆ ಎದುರಾಗುತ್ತದೆ: ಈ ವಸ್ತುಗಳು ಯಾರವು? ನಾಯಿಯವು ಅನ್ನುತ್ತೇವೆ. ಕೊಂಡವರು ನಾವು, ಎತ್ತಿಡುವವರು ನಾವು, ಯಾವುದು ಉಳಿಯಬೇಕು ಯಾವುದು ಕಸಕ್ಕೆ ಹೋಗಬೇಕು ಎಂದು ತೀರ್ಮಾನಿಸುವವರೂ ನಾವೇ. ಒಂದು ಜೀವಕ್ಕೆ ಸೇರಿದ್ದನ್ನು ಇನ್ನೊಂದು ಜೀವ ಜೋಡಿಸಿಡುವಾಗ ಆ ಜೋಡಣೆ ಯಾರ ಲೋಕದ್ದು?

ಮೊದಲು ಕಣ್ಣಿನ ಲೆಕ್ಕ ನೋಡೋಣ. ನಮ್ಮ ಅಚ್ಚುಕಟ್ಟು ಬಹುಪಾಲು ನೋಟಕ್ಕಾಗಿ ಇರುವಂಥದ್ದು. ಮೆತ್ತನೆಯವು ಒಂದೆಡೆ, ರಬ್ಬರಿನವು ಒಂದೆಡೆ, ಚೆಂಡುಗಳು ಬೇರೆ. ಪರದೆಯ ಬಣ್ಣಕ್ಕೆ ಹೊಂದುವ ಬುಟ್ಟಿಯನ್ನೇ ಹುಡುಕಿ ತರುವವರಿದ್ದಾರೆ. ಅಂಗಡಿಯಲ್ಲಿ ಕೆಂಪು ಚೆಂಡು ನಮ್ಮ ಕಣ್ಣು ಸೆಳೆಯುತ್ತದೆ, ಕೊಳ್ಳುತ್ತೇವೆ. ಆದರೆ ನಾಯಿಯ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆಯವು; ನಮ್ಮಲ್ಲಿ ಮೂರು. ನೀಲಿ, ಹಳದಿ ಅದಕ್ಕೆ ಸ್ಪಷ್ಟ. ಕೆಂಪು ಮಾತ್ರ ಮಂಕಾಗಿ, ಹುಲ್ಲಿನ ಹಸಿರಿನಿಂದ ಬೇರೆಯಾಗಿ ಕಾಣುವುದೇ ಕಷ್ಟ. ಉದ್ಯಾನದಲ್ಲಿ ಎರಡು ಮಾರು ದೂರ ಬಿದ್ದ ಕೆಂಪು ಚೆಂಡನ್ನು ನಾಯಿ ಮೂಗು ಆಡಿಸುತ್ತ ಹುಡುಕುವುದನ್ನು ನೋಡಿ ‘ಕಣ್ಣೆದುರಿಗೇ ಇದೆಯಲ್ಲೋ ದಡ್ಡ’ ಅನ್ನುತ್ತೇವೆ. ಅದು ಇದ್ದದ್ದು ನಮ್ಮ ಕಣ್ಣೆದುರಿಗೆ.

ಇನ್ನು ಮೂಗಿನ ಲೆಕ್ಕ. ಬಟ್ಟೆಯ ಬೊಂಬೆಯನ್ನು ಸೋಪಿನ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿದಾಗ ನಮಗೆ ಅದು ಹೊಸತಾಗುತ್ತದೆ. ನಾಯಿಗೆ ಅದು ಬಹುಶಃ ಅಪರಿಚಿತವಾಗುತ್ತದೆ: ತನ್ನ ಜೊಲ್ಲು, ಮನೆಯ ಮಗುವಿನ ಕೈ, ಮೊನ್ನೆ ಹಿತ್ತಲಲ್ಲಿ ಹೊರಳಾಡಿದ ಮಣ್ಣು ಎಲ್ಲ ಅಳಿಸಿ ಹೋಗಿ ಸೋಪಿನ ಹೂವಿನ ವಾಸನೆಯೊಂದೇ ಉಳಿದಿರುತ್ತದೆ. ತೊಳೆದು ತಂದ ಬೊಂಬೆಯನ್ನು ಸುತ್ತಲೂ ಮೂಸಿ, ಅನುಮಾನದಿಂದ ಬಿಟ್ಟು ಹೋಗುವ ನಾಯಿಗಳನ್ನು ಎಷ್ಟೋ ಜನ ಕಂಡಿದ್ದಾರೆ. ಹಾಗೆಂದು ತೊಳೆಯದೆ ಬಿಡುವಂತಿಲ್ಲ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಹಸಿ ಆರದ ಬೊಂಬೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಮಗು ತೆವಳುವ ನೆಲದಲ್ಲಿ ಅದನ್ನು ಬಿಡಲಾಗದು. ಒಂದೇ ಸೂರಿನಡಿ ಎರಡು ಬಗೆಯ ಶುಚಿ ಬಾಳಬೇಕಾಗಿದೆ ಎಂಬುದಷ್ಟೇ ಇಲ್ಲಿನ ಸತ್ಯ. ಎಲ್ಲವನ್ನೂ ಒಂದೇ ದಿನ ತೊಳೆಯದೆ, ಒಂದೆರಡನ್ನು ಬಿಟ್ಟು ತೊಳೆಯುವ ಮನೆಯವರು ತಮಗೆ ಗೊತ್ತಿಲ್ಲದೆಯೇ ಒಂದು ಒಪ್ಪಂದಕ್ಕೆ ಬಂದಿರುತ್ತಾರೆ.

ಈಗ ಮತ್ತೆ ಆ ಪ್ರಶ್ನೆ: ಯಾರವು? ತೋಳಗಳ ಬದುಕನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಅಮೆರಿಕದ ವಿಜ್ಞಾನಿ ಎಲ್. ಡೇವಿಡ್ ಮೆಕ್ ಒಂದು ಸಂಗತಿಯನ್ನು ಗುರುತಿಸಿದ್ದಾರೆ. ಪ್ರತಿ ತೋಳದ ಬಾಯಿಯ ಸುತ್ತ ಅದರ ಒಡೆತನದ ಒಂದು ವಲಯ ಇರುತ್ತದೆ. ಗುಂಪಿನಲ್ಲಿ ಕೆಳಗಿನ ಸ್ಥಾನದ ತೋಳವೂ ತನ್ನ ಬಾಯಲ್ಲಿರುವ ತುಂಡನ್ನು ಮೇಲಿನ ತೋಳಕ್ಕೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಬಾಯಿಯಿಂದ ಜಾರಿ ದೂರ ಹೋದದ್ದರ ಮೇಲೆ ಅಂಥ ಹಕ್ಕು ಉಳಿಯುವುದಿಲ್ಲ. ಮನೆಯ ನಾಯಿಯಲ್ಲೂ ಇದರ ಎಳೆ ಕಾಣುತ್ತದೆ. ಮೂಳೆ ಕಡಿಯುತ್ತಿರುವಾಗ ಹತ್ತಿರ ಕೈ ಒಯ್ದರೆ ಗುರ್ ಅನ್ನುವ ನಾಯಿ, ಅದನ್ನು ಬಿಟ್ಟು ನೀರು ಕುಡಿಯಲು ಹೋದಾಗ ನೀವು ಎತ್ತಿ ಬುಟ್ಟಿಗೆ ಹಾಕಿದರೆ ಎಷ್ಟೋ ಸಲ ತಿರುಗಿಯೂ ನೋಡದು.

ನಮ್ಮ ಒಡೆತನ ಇದಕ್ಕೆ ತದ್ವಿರುದ್ಧ. ಕೈಯಲ್ಲಿ ಇಲ್ಲದ್ದರ ಮೇಲೆಯೇ ನಮ್ಮ ಹಕ್ಕು ಹೆಚ್ಚು. ಊರಲ್ಲಿರುವ ಗದ್ದೆ, ಬ್ಯಾಂಕಿನ ಲಾಕರಿನ ಒಡವೆ, ಅಟ್ಟದ ಮೇಲಿನ ಹಿತ್ತಾಳೆ ಕೊಪ್ಪರಿಗೆ. ಮುಟ್ಟದೆ ವರ್ಷಗಳು ಕಳೆದರೂ ಅವು ನಮ್ಮವು. ಮನುಷ್ಯನ ಆಸ್ತಿಯ ಕಲ್ಪನೆ ನಿಂತಿರುವುದೇ ದೂರದಲ್ಲಿದ್ದರೂ ನನ್ನದು ಎಂಬ ನಂಬಿಕೆಯ ಮೇಲೆ. ಪಹಣಿ, ಬೀಗದ ಕೈ, ಮುಚ್ಚಳದ ಡಬ್ಬಿ ಎಲ್ಲ ಆ ನಂಬಿಕೆಯ ಸಲಕರಣೆಗಳು. ನಾಯಿಯ ಆಟಿಕೆಗೆ ಬುಟ್ಟಿ ತಂದಿಟ್ಟ ದಿನ ನಾವು ಆ ಸಲಕರಣೆಗಳಲ್ಲೊಂದನ್ನು ಅದರ ಲೋಕದೊಳಗೆ ಇಟ್ಟಿರುತ್ತೇವೆ.

ಇಲ್ಲಿ ನಾಯಿಯನ್ನು ಅಪರಿಗ್ರಹದ ಗುರುವನ್ನಾಗಿ ಮಾಡಿಬಿಡುವ ಆಸೆಯಾಗುತ್ತದೆ. ನೋಡಿ, ಏನನ್ನೂ ಕೂಡಿಡದ ಜೀವ, ನಾವು ಅದರಿಂದ ಕಲಿಯಬೇಕು ಎಂದು. ಆ ಮಾತು ನಿಲ್ಲುವುದಿಲ್ಲ, ಏಕೆಂದರೆ ನಾಯಿ ಕೂಡಿಡುತ್ತದೆ. ಬೇಟೆ ಹೆಚ್ಚಾದಾಗ ತೋಳ ನೆಲ ಕೆರೆದು ಮಾಂಸ ಹೂತು, ಮೂತಿಯಿಂದ ಮಣ್ಣು ತಳ್ಳಿ ಮುಚ್ಚುತ್ತದೆ. ನರಿಯೂ ಹಾಗೆಯೇ ಅಲ್ಲೊಂದು ಇಲ್ಲೊಂದು ಕಡೆ ಬಚ್ಚಿಡುತ್ತದೆ. ತೋಳದ ವಂಶದ ಈ ಬುದ್ಧಿ ಸಾಕುನಾಯಿಯಲ್ಲೂ ಉಳಿದಿದೆ. ಗ್ರಾನೈಟ್ ನೆಲದ ಫ್ಲ್ಯಾಟಿನಲ್ಲಿ ಬಿಸ್ಕತ್ತನ್ನು ಸೋಫಾದ ಮೂಲೆಗೆ ಒತ್ತಿ, ಅಲ್ಲಿ ಇಲ್ಲದ ಮಣ್ಣನ್ನು ಮೂತಿಯಿಂದ ಒಂದೇ ಸಮನೆ ತಳ್ಳುವ ನಾಯಿಯನ್ನು ನೋಡಬೇಕು. ದಿವಾನದ ಅಡಿ, ತುಳಸಿಕಟ್ಟೆಯ ಹಿಂದೆ, ಮನೆಯೊಡೆಯನ ದಿಂಬಿನ ಕೆಳಗೆ ಅದಕ್ಕೆ ಅದರದೇ ಉಗ್ರಾಣಗಳಿವೆ. ದೀಪಾವಳಿಗೆ ಸೋಫಾ ಸರಿಸಿದಾಗ ಹೊರಬರುವ ವಸ್ತುಗಳನ್ನು ನಾವು ‘ಕಳೆದುಹೋಗಿದ್ದವು ಸಿಕ್ಕವು’ ಅನ್ನುತ್ತೇವೆ. ನಾಯಿಯ ಕಡೆಯಿಂದ ನೋಡಿದರೆ ಇಟ್ಟದ್ದು ಪತ್ತೆಯಾಯಿತು. ಒಂದೇ ಮನೆಯಲ್ಲಿ ಎರಡು ದಾಸ್ತಾನುಗಳು ನಡೆಯುತ್ತಿವೆ, ಒಂದರ ಯಜಮಾನ ಇನ್ನೊಂದನ್ನು ಅವ್ಯವಸ್ಥೆ ಎಂದುಕೊಂಡಿದ್ದಾನೆ.

ಮನುಷ್ಯ ನಾಯಿಗಾಗಿ ಮಾಡಿಸಿಟ್ಟ ವಸ್ತುಗಳ ಇತಿಹಾಸ ತೆಗೆದರೆ ಹೆಚ್ಚಾಗಿ ಸಿಗುವುದು ಕೊರಳಪಟ್ಟಿ ಮತ್ತು ಸರಪಳಿ. ಇಂಗ್ಲೆಂಡಿನ ಕೆಂಟ್ ಸೀಮೆಯ ಲೀಡ್ಸ್ ಕೋಟೆಯಲ್ಲಿ ನಾಯಿಗಳ ಕೊರಳಪಟ್ಟಿಗಳದೇ ಒಂದು ಸಂಗ್ರಹವಿದೆ. ನಾಯಿಯ ಕೊರಳಲ್ಲಿದ್ದರೂ ಕೊರಳಪಟ್ಟಿ ಸಾರುವುದು ಅದರ ಒಡೆಯನನ್ನು. ‘ಇದು ಇಂಥವರದು’ ಎಂದು. ನಾಯಿ ಅಲ್ಲಿ ತಾನೇ ಒಂದು ಸೊತ್ತು.

ಸೊತ್ತಾಗಿದ್ದ ನಾಯಿ ಸೊತ್ತಿಗೆ ಕಾರಣವಾದ ಒಂದು ಅಪರೂಪದ ಪ್ರಸಂಗ ನಮ್ಮ ನೆಲದಲ್ಲೇ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ, ಕ್ರಿ.ಶ. 949-50ರ ಸುಮಾರಿನದು. ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳ ರಾಜಾದಿತ್ಯನ ಮೇಲೆ ನಡೆಸಿದ ಯುದ್ಧ, ಅದರಲ್ಲಿ ಗಂಗರ ಇಮ್ಮಡಿ ಬೂತುಗನ ಪರಾಕ್ರಮ, ಬೂತುಗನ ಆಳು ಮಣಲೇರನ ಶೌರ್ಯ ಶಾಸನದಲ್ಲಿ ಬಂದಿವೆ. ಮೆಚ್ಚಿದ ಒಡೆಯ ಏನು ಬೇಕೆಂದಾಗ ಮಣಲೇರ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಒಂದು ಹಂದಿಯೊಡನೆ ಕಾದಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರ ದೇಗುಲದ ಎದುರು ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು, ಆ ಭೂಮಿ ಉಣ್ಣುವ ಪೂಜಾರಿ ಕಲ್ಲನ್ನು ಪೂಜಿಸದೆ ಉಂಡರೆ ಪಾಪವೆಂದು ವಿಧಿಸಲಾಯಿತು. ಕಾಳಿ ಮೊದಲು ಕೈಯಿಂದ ಕೈಗೆ ದಾಟಿದ ಉಡುಗೊರೆ. ಸತ್ತ ಮೇಲೆ ಅದರ ನೆನಪಿನ ಹೆಸರಲ್ಲಿ ನೆಲವೇ ಬಂತು. ನಾಯಿ ಮತ್ತು ಹಂದಿಯ ಕಾಳಗವನ್ನು ಕೆತ್ತಿದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗೌರವ ದೊಡ್ಡದೇ. ಆದರೂ ಹಂದಿಗೆ ಎದುರಾದ ಬಾಯಿಗಾಗಿ ಅದು ದೊರೆತದ್ದು. ದುಡಿಮೆಯ ಹಂಗಿಲ್ಲದೆ, ಬರಿದೇ ಸಂತೋಷಕ್ಕೆಂದು ನಾಯಿಗೆ ಕೊಡುವ ವಸ್ತು ಆಟಿಕೆ. ಕಾವಲಿಗೂ ಬೇಟೆಗೂ ಬಾರದ, ಒಡೆಯನ ಹೆಸರು ಹೊರದ ವಸ್ತು.

ಹಾಗಾದರೆ ಆಟಿಕೆ ಎಂದರೆ ಯಾವುದು? ಚಪ್ಪಲಿಗೂ ಅಂಗಡಿಯಿಂದ ತಂದ ರಬ್ಬರ್ ಎಲುಬಿಗೂ ನಾಯಿಯ ಹಲ್ಲಿಗೆ ಸಿಗುವ ಸುಖದಲ್ಲಿ ಅಂಥ ವ್ಯತ್ಯಾಸವಿರಲಾರದು. ಒಂದಕ್ಕೆ ಬೈಗುಳ, ಇನ್ನೊಂದಕ್ಕೆ ಶಾಬಾಶ್. ಮರಿ ಮನೆಗೆ ಬಂದ ಮೊದಲ ತಿಂಗಳುಗಳಲ್ಲಿ ಕಲಿಯುವ ದೊಡ್ಡ ಪಾಠವೇ ಇದು. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಮನೋವಿಜ್ಞಾನದ ಅಧ್ಯಾಪಕ ಜಾನ್ ಪಿಲಿ ಸಾಕಿದ ಚೇಸರ್ ಎಂಬ ಬಾರ್ಡರ್ ಕಾಲಿ ನಾಯಿ 1,022 ವಸ್ತುಗಳನ್ನು ಹೆಸರಿನಿಂದ ಗುರುತಿಸುತ್ತಿತ್ತು. 2011ರಲ್ಲಿ ಅದರ ವಿವರ ಪ್ರಕಟವಾಯಿತು. ಎಂಟುನೂರಕ್ಕೂ ಹೆಚ್ಚು ಬಟ್ಟೆಯ ಪ್ರಾಣಿಗಳು, ನೂರಕ್ಕೂ ಹೆಚ್ಚು ಚೆಂಡುಗಳು, ತಟ್ಟೆಯಂತೆ ಹಾರುವ ಫ್ರಿಸ್ಬಿಗಳು, ಪ್ಲಾಸ್ಟಿಕ್ ಸಾಮಾನು. ಬಿಡಿ ಹೆಸರುಗಳ ಜೊತೆಗೆ ‘ಚೆಂಡು’, ‘ಆಟಿಕೆ’ ಎಂಬ ಒಟ್ಟು ಹೆಸರುಗಳನ್ನೂ ಚೇಸರ್ ಕಲಿತಿತ್ತು. ಚೆಂಡಿಗಾದರೆ ದುಂಡನೆಯ ಆಕಾರವಿದೆ. ಆಟಿಕೆಗೆ ಅಂಥ ಯಾವ ಗುರುತಿದೆ? ಮನೆಯ ಇತರ ಸಾಮಾನಿನಿಂದ ಅದನ್ನು ಬೇರೆ ಮಾಡುವುದು ಒಂದೇ: ಇದರೊಡನೆ ಆಡಬಹುದು ಎಂಬ ಅನುಮತಿ. ಆಟಿಕೆತನ ವಸ್ತುವಿನ ಮೈಯಲ್ಲಿಲ್ಲ, ಅದು ನಾಯಿಗೂ ಮನೆಯವರಿಗೂ ನಡುವಿನ ಕರಾರು.

ಚೇಸರಿನ ಕತೆಯಲ್ಲಿ ಇನ್ನೊಂದು ವಿವರವಿದೆ. ಪಿಲಿ ಪ್ರತಿ ಆಟಿಕೆಯ ಮೇಲೂ ಅದರ ಹೆಸರನ್ನು ಅಳಿಯದ ಮಸಿಯಲ್ಲಿ ಬರೆದಿಡುತ್ತಿದ್ದರು. ನಾಯಿಗೆ ಓದಲು ಬಾರದು; ಬರೆದದ್ದು ಮನುಷ್ಯನಿಗಾಗಿ. ಇಂದು ಕರೆದ ಹೆಸರನ್ನೇ ನಾಳೆಯೂ ಕರೆಯಬೇಕಲ್ಲ! ಸಾವಿರ ಹೆಸರು ನೆನಪಿಟ್ಟ ಜೀವದ ಎದುರು ಚೀಟಿ ಬೇಕಾದದ್ದು ಹೆಸರಿಟ್ಟ ಜೀವಕ್ಕೆ. ಡಬ್ಬಿಗೆ ಚೀಟಿ, ಕಪಾಟಿಗೆ ಖಾನೆ, ಕಡತಕ್ಕೆ ಸಂಖ್ಯೆ ಎಂದು ನಾವು ಕಟ್ಟಿಕೊಂಡ ವ್ಯವಸ್ಥೆಯ ದೊಡ್ಡ ಪಾಲು ನಮ್ಮ ಮರೆವಿಗೆ ಕೊಟ್ಟ ಊರುಗೋಲು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಆ ಊರುಗೋಲನ್ನೇ ಲೋಕದ ನಿಜವಾದ ಕ್ರಮ ಎಂದು ತಿಳಿಯಬಾರದು.

ನಾಯಿಯ ಮನಸ್ಸಿನಲ್ಲಿ ಆಟಿಕೆಗಳು ಹೇಗೆ ಜೋಡಣೆಯಾಗಿರಬಹುದು? ಬುಡಾಪೆಸ್ಟಿನ ಎಯೊಟ್ವೊಶ್ ಲೊರಾಂಡ್ ವಿಶ್ವವಿದ್ಯಾಲಯದ ಸಂಶೋಧಕರು, ಆಟಿಕೆಗಳ ಹೆಸರು ಕಲಿಯುವ ಅಪರೂಪದ ಶಕ್ತಿಯುಳ್ಳ ನಾಯಿಗಳ ಮೇಲೆ ಕೆಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. ದೀಪ ಆರಿಸಿದ ಕೋಣೆಯಲ್ಲೂ ಅವು ತಮ್ಮ ಆಟಿಕೆಯನ್ನು ಹುಡುಕಿ ತೆಗೆದವು; ಬೆಳಕಿದ್ದಾಗ ಕಣ್ಣು, ಕತ್ತಲಾದಾಗ ಮೂಗು ಹೆಚ್ಚು ದುಡಿಯಿತು. ಆಟಿಕೆ ಅವುಗಳ ಮನಸ್ಸಿನಲ್ಲಿ ಬರೀ ನೋಟವಾಗಿಯೋ ಬರೀ ವಾಸನೆಯಾಗಿಯೋ ಇಲ್ಲ, ಎಲ್ಲ ಇಂದ್ರಿಯಗಳಿಗೂ ಸೇರಿದ ಒಂದು ಇಡಿಯಾಗಿದೆ. 2025ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಪ್ರಯೋಗ ನಮ್ಮ ಮಾತಿಗೆ ಇನ್ನೂ ಹತ್ತಿರದ್ದು. ಮೊದಲು ಕೆಲವು ಆಟಿಕೆಗಳನ್ನು ಎಳೆದಾಟಕ್ಕೆ, ಕೆಲವನ್ನು ಎಸೆದು ತರಿಸುವ ಆಟಕ್ಕೆ ಬಳಸಿ, ಎರಡು ಗುಂಪಿಗೂ ಒಂದೊಂದು ಹೆಸರು ಕಲಿಸಿದರು. ಒಂದೇ ಗುಂಪಿನವು ನೋಡಲು ಒಂದರಂತೆ ಒಂದಿರಲಿಲ್ಲ. ಆಮೇಲೆ ಹೊಸ ಆಟಿಕೆಗಳನ್ನು ತಂದು, ಹೆಸರು ಹೇಳದೆ, ಕೆಲವನ್ನು ಎಳೆದಾಡಿ ಕೆಲವನ್ನು ಎಸೆದು ಆಡಿಸಿದರು. ಹೆಸರು ಕರೆದಾಗ ನಾಯಿಗಳು ಈ ಹೊಸವುಗಳಲ್ಲೂ ಸರಿಯಾದ ಗುಂಪಿನದನ್ನೇ ಆರಿಸಿ ತಂದವು. ಬಣ್ಣ, ಆಕಾರ, ಬಟ್ಟೆಯೋ ರಬ್ಬರೋ ಎಂಬುದು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ‘ಇದರಿಂದ ಯಾವ ಆಟ ಆಡಿದೆವು’ ಎಂಬುದೇ ಅವುಗಳ ವಿಂಗಡಣೆಯ ಸೂತ್ರವಾಯಿತು.

ಇವು ಆಯ್ದ ಕೆಲವೇ ನಾಯಿಗಳು, ಎಲ್ಲ ನಾಯಿಗೂ ಈ ಮಾತು ಹೇಳಲಾಗದು. ಆದರೂ ಈ ಸೂತ್ರ ಹಿಡಿದು ಒಮ್ಮೆ ಬುಟ್ಟಿಯ ಕಡೆ ನೋಡಿದರೆ ಕಾಣುವುದು ಬೇರೆ. ಎಳೆದಾಟದ ಹಗ್ಗ ಎಂಬ ಹೆಸರಿನೊಳಗೇ ಇನ್ನೊಂದು ತುದಿ ಹಿಡಿದ ಕೈ ಇದೆ. ತರುವ ಚೆಂಡು ಎಂಬುದರೊಳಗೆ ಎಸೆದ ತೋಳು ಇದೆ, ಮರಳಿ ಬಂದು ನಿಲ್ಲುವ ಕಾಲುಗಳ ಬಳಿಯ ಜಾಗ ಇದೆ. ನಾಯಿಯ ಪಟ್ಟಿಯಲ್ಲಿ ಪ್ರತಿ ವಸ್ತುವಿನ ಅರ್ಧ ಭಾಗ ನಾವು. ಆ ಅರ್ಧವನ್ನು ಬಿಟ್ಟು ಉಳಿದರ್ಧವನ್ನು ಮಾತ್ರ ಬುಟ್ಟಿಯಲ್ಲಿ ಒಪ್ಪವಾಗಿಟ್ಟು, ಅದರ ಆಟಿಕೆಗಳೆಲ್ಲ ಅದರ ಹತ್ತಿರವೇ ಇವೆ ಅಂದುಕೊಳ್ಳುತ್ತೇವೆ. ಕೆಲಸಕ್ಕೆ ಹೊರಟವರ ಎದುರು ಹಗ್ಗ ಕಚ್ಚಿಕೊಂಡು ಬಂದು ನಿಲ್ಲುವ ನಾಯಿ ಕಾಣೆಯಾದ ಅರ್ಧವನ್ನು ಕೇಳುತ್ತಿರುತ್ತದೆ.

ಇದ್ದ ಆಟಿಕೆಗಳನ್ನೆಲ್ಲ ಹೊರಗಿಡಬೇಡಿ, ಅರ್ಧ ಒಳಗಿಟ್ಟು ವಾರಕ್ಕೊಮ್ಮೆ ಬದಲಾಯಿಸಿ ಎಂಬುದು ನಾಯಿ ಸಾಕಿದವರು ಒಬ್ಬರಿಗೊಬ್ಬರು ಹೇಳುವ ಸಲಹೆ. ಅದಕ್ಕೆ ಆಧಾರವಿದೆ. ಬ್ರಿಟನ್ನಿನಲ್ಲಿ ಆನ್ ಪುಲೆನ್, ಜಾನ್ ಬ್ರಾಡ್‌ಶಾ ಮೊದಲಾದವರು ಲ್ಯಾಬ್ರಡಾರ್ ನಾಯಿಗಳಿಗೆ ಒಂದೇ ಆಟಿಕೆಯನ್ನು ಮತ್ತೆ ಮತ್ತೆ ಕೊಟ್ಟು ನೋಡಿದರು. ಆಸಕ್ತಿ ಬೇಗ ಇಳಿಯಿತು, ಬೇರೊಂದು ಆಟಿಕೆ ಬಂದೊಡನೆ ಮತ್ತೆ ಏರಿತು. ಹೊಸದರ ಮೋಹ ತೀವ್ರ, ಆಯುಸ್ಸು ಕಡಿಮೆ. ಇದನ್ನು ಓದಿ ನಗುವ ಹಕ್ಕು ನಮಗಂತೂ ಇಲ್ಲ; ಬೀರುವಿನ ಸೀರೆಗಳೂ ಕಪಾಟಿನ ಪುಸ್ತಕಗಳೂ ಸಾಕ್ಷಿ ನುಡಿದಾವು. ಗಮನಿಸಬೇಕಾದ್ದು ಬೇರೆ. ಈ ಸಲಹೆ ಹೊಸ ಆಟಿಕೆ ಕೊಳ್ಳಿ ಅನ್ನುವುದಿಲ್ಲ, ಇದ್ದದ್ದನ್ನೇ ಸ್ವಲ್ಪ ಕಾಲ ಮರೆಮಾಡಿ ಅನ್ನುತ್ತದೆ. ಮುಚ್ಚಳವಿರುವ ಡಬ್ಬಿಯ ನಿಜವಾದ ಉಪಯೋಗ ಬಹುಶಃ ಇದೇ. ಅದು ಅಗಲಿಕೆಯನ್ನು ಕಾಪಿಡುತ್ತದೆ, ಅಗಲಿಕೆ ಹಳೆಯದಕ್ಕೆ ಹೊಸ ಜೀವ ಕೊಡುತ್ತದೆ.

ಇನ್ನು ಬಿಸಾಡುವ ಪ್ರಶ್ನೆ. ಹೊಟ್ಟೆ ಸೀಳಿದ ಬೊಂಬೆ ನಮಗೆ ನಷ್ಟ, ಕೊಟ್ಟ ದುಡ್ಡು ನೆನಪಾಗುತ್ತದೆ. ನಾಯಿಗೆ ಅದು ಆಟದ ಮುಕ್ತಾಯ. ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಡವಿ ಕೊಲ್ಲುವುದು, ಸೀಳುವುದು ಎಂದು ಬೇಟೆಯ ಮೆಟ್ಟಿಲುಗಳಿವೆ. ಬೇರೆ ಬೇರೆ ತಳಿಗಳಲ್ಲಿ ಬೇರೆ ಬೇರೆ ಮೆಟ್ಟಿಲನ್ನು ಮನುಷ್ಯ ಆಯ್ದು ಬೆಳೆಸಿದ್ದಾನೆ. ಕುರಿ ಕಾಯುವ ಬಾರ್ಡರ್ ಕಾಲಿ ದಿಟ್ಟಿಸಿ ಅಟ್ಟುವುದರಲ್ಲಿ ನಿಂತರೆ, ಇಲಿ ಹಿಡಿಯಲು ಬೆಳೆಸಿದ ಟೆರಿಯರ್ ಕೊಡವಿ ಸೀಳುವವರೆಗೆ ಹೋಗುತ್ತದೆ. ಕಿರುಚುವ ಬೊಂಬೆಯ ಸದ್ದು ನಿಲ್ಲುವವರೆಗೆ ಅದು ಬಿಡುವುದಿಲ್ಲ. ನಾವು ಬೊಂಬೆಯನ್ನು ಬಾಳಿಕೆ ಬರಲಿ ಎಂದು ಕೊಳ್ಳುತ್ತೇವೆ, ಅದಕ್ಕೆ ಬೇಕಾದದ್ದು ಮುಗಿಯುವ ಬೊಂಬೆ.

ಆದರೆ ಮುಗಿದ ಮೇಲೆ ಉಳಿದದ್ದನ್ನು ಎತ್ತಲೇಬೇಕು. ಒಳಗಿನ ಪ್ಲಾಸ್ಟಿಕ್ ಪೀಪಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಹಗ್ಗದ ಉದ್ದ ಎಳೆ ನುಂಗಿದರೆ ಕರುಳು ನೆರಿಗೆಗಟ್ಟಿ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ಸಣ್ಣ ನಾಯಿಗೆ ತಂದ ಚೆಂಡು ದೊಡ್ಡ ನಾಯಿಯ ಶ್ವಾಸ ಕಟ್ಟಬಹುದು. ಸಂಜೆಯ ಹೆಕ್ಕುವಿಕೆ ಇಲ್ಲಿ ಬೇರೆಯೇ ಅರ್ಥ ಪಡೆಯುತ್ತದೆ. ಒಂದೊಂದನ್ನೂ ಕೈಯಲ್ಲಿ ತಿರುವಿ, ಹೊಲಿಗೆ ಬಿಟ್ಟಿದೆಯೇ, ತುಂಡು ಕಳಚಿದೆಯೇ ಎಂದು ನೋಡುವ ಕ್ಷಣದಲ್ಲಿ ಕೋಣೆಯ ಅಂದ ಮರೆತುಹೋಗುತ್ತದೆ. ತನಗೆ ಬರಬಹುದಾದ ಕೇಡನ್ನು ಮುಂಗಾಣದ ಜೀವದ ಪರವಾಗಿ ಮುಂಗಾಣುವ ಕೆಲಸ ಅದು. ನಮ್ಮ ಜೋಡಣೆ ನಾಯಿಯ ಲೋಕದ್ದಲ್ಲ, ನಿಜ. ಆದರೆ ಅದರ ಲೋಕದಲ್ಲಿ ನಾಳೆ ಎಂಬುದರ ಹೊಣೆ ಹೊತ್ತವರು ನಾವು. ಒಡೆತನದ ಪ್ರಶ್ನೆಗೆ ಕೊನೆಗೆ ಸಿಗುವ ಉತ್ತರವೂ ಇದರ ಹತ್ತಿರದ್ದೇ: ಆಟಿಕೆ ಬಾಯಲ್ಲಿರುವಾಗ ನಾಯಿಯದು, ಬುಟ್ಟಿಯಲ್ಲಿರುವಾಗ ನಮ್ಮ ಪಾಲಿನ ಜವಾಬ್ದಾರಿ.

ಕೆಲವರು ಆಟಿಕೆಗಳನ್ನು ಬುಟ್ಟಿಗೆ ತಂದು ಹಾಕುವುದನ್ನು ನಾಯಿಗೇ ಕಲಿಸುತ್ತಾರೆ. ಬಾಯಲ್ಲಿದ್ದದ್ದನ್ನು ಬುಟ್ಟಿಯ ಮೇಲೆ ಬಂದಾಗ ಬಿಡಿಸಿ, ಬಿಟ್ಟೊಡನೆ ತಿನಿಸು ಕೊಟ್ಟು, ಮೆಲ್ಲಗೆ ದೂರ ಹೆಚ್ಚಿಸುತ್ತ ಹೋದರೆ ಸಾಕಷ್ಟು ನಾಯಿಗಳು ಕಲಿಯುತ್ತವೆ. ನಾಯಿಗೆ ಅದೂ ಆಟವೇ. ಹರಡುವುದು ಒಂದು ಆಟ, ಕೂಡಿಸುವುದು ಇನ್ನೊಂದು. ಕೋಣೆಯನ್ನು ಹಾಳುಮಾಡುವುದು, ಸರಿಮಾಡುವುದು ಎಂಬ ಭೇದ ನಮ್ಮದು. ಎರಡು ಆಟಕ್ಕೂ ಅದಕ್ಕೆ ಬೇಕಾದದ್ದು ಎದುರಿಗೆ ನಿಂತ ಒಬ್ಬರು.

ಈಗ ಬುಟ್ಟಿಯನ್ನು ಎರಡೇ ಪಾಲು ಮಾಡಿ ನೋಡಬಹುದು: ನಾವಿದ್ದರೆ ಮಾತ್ರ ಆಟವಾಗುವವು, ನಾವಿಲ್ಲದಾಗ ನಮ್ಮ ಬದಲಿಗೆ ಕೊಡುವವು. ಹಗ್ಗ, ಚೆಂಡು ಮೊದಲ ಪಾಲಿನವು. ಒಳಗೆ ತಿನಿಸು ತುಂಬಿಸಿ ಕೊಟ್ಟು ಹೊರಡುವ ಟೊಳ್ಳು ರಬ್ಬರಿನ ಕಾಂಗ್ ಎರಡನೆಯ ಪಾಲಿನದು. 1970ರ ದಶಕದಲ್ಲಿ ಅಮೆರಿಕದ ಜೋ ಮಾರ್ಕ್‌ಹ್ಯಾಮ್, ಕಲ್ಲು ಕಡಿದು ಹಲ್ಲು ಸವೆಸಿಕೊಳ್ಳುತ್ತಿದ್ದ ತಮ್ಮ ಜರ್ಮನ್ ಶೆಫರ್ಡ್ ನಾಯಿ ವೋಕ್ಸ್‌ವ್ಯಾಗನ್ ವ್ಯಾನಿನ ಒಂದು ರಬ್ಬರ್ ಭಾಗವನ್ನು ಇಷ್ಟಪಟ್ಟದ್ದನ್ನು ನೋಡಿ ರೂಪಿಸಿದ ಆಟಿಕೆ ಅದು. ಬೆಳಿಗ್ಗೆ ಹೋಗಿ ಸಂಜೆ ಬರುವ ಮನೆಗಳಲ್ಲಿ ಅದರ ಉಪಕಾರ ಸಣ್ಣದಲ್ಲ. ದುಡಿಯುವವರು ಅದಕ್ಕಾಗಿ ಅಪರಾಧಿಗಳಂತೆ ತಲೆ ತಗ್ಗಿಸಬೇಕಾಗಿಯೂ ಇಲ್ಲ. ಪಾಲು ಮಾಡಿದ ಮೇಲೆ ಯಾವ ರಾಶಿ ದೊಡ್ಡದು ಎಂದು ನೋಡಿಕೊಳ್ಳುವುದಷ್ಟೇ ಕೆಲಸ. ಎರಡನೆಯದು ಬೆಳೆಯುತ್ತಲೇ ಇದ್ದರೆ ಇನ್ನೊಂದು ಖಾನೆಯ ಬುಟ್ಟಿ ತಂದು ಪ್ರಯೋಜನವಿಲ್ಲ. ಮೊದಲನೆಯದರಿಂದ ಸವೆದ ಹಗ್ಗವೊಂದನ್ನು ಎತ್ತಿಕೊಂಡು ಹತ್ತು ನಿಮಿಷ ನೆಲದ ಮೇಲೆ ಕೂತರೆ ನಾಯಿಗೆ ಹೊಸ ಆಟಿಕೆಯೇ ಸಿಕ್ಕಂತೆ.